ಡಿಸ್ಕ್ ರೈಟರ್ ಕೊಳ್ಳುವ ಮುನ್ನ: ಪ್ಲಸ್, ಮೈನಸ್ ಮತ್ತು ಬ್ಲೂ-ರೇ ಲೆಕ್ಕಾಚಾರ

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಆದರೂ ಡಿಸ್ಕ್ ರೈಟರ್ ಕೇಳಿಕೊಂಡು ಬರುವವರು ಪೂರ್ತಿ ನಿಂತಿಲ್ಲ. ಸಿಸಿಟಿವಿ ದೃಶ್ಯಗಳನ್ನು ಕೋರ್ಟಿಗೆ ಒಪ್ಪಿಸಬೇಕಾದ ವಕೀಲರಿದ್ದಾರೆ. ಮದುವೆ ವಿಡಿಯೋ ಮಾಡುವ ಸ್ಟುಡಿಯೋದವರಿದ್ದಾರೆ. ಇಪ್ಪತ್ತು ವರ್ಷದ ಫೋಟೋಗಳನ್ನೆಲ್ಲ ಒಂದೇ ಹಾರ್ಡ್ ಡಿಸ್ಕ್ ಮೇಲೆ ಬಿಟ್ಟು ನೆಮ್ಮದಿಯಾಗಿ ಇರಲಾಗದವರೂ ಇದ್ದಾರೆ. ಇವರು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಲಿ, ಆನ್‌ಲೈನ್‌ನಲ್ಲಿ ಹುಡುಕಲಿ, ಎದುರಾಗುವುದು ಹೆಸರುಗಳ ರಾಶಿ: ಡಿವಿಡಿ-ಆರ್, ಡಿವಿಡಿ+ಆರ್, ಆರ್‌ಡಬ್ಲ್ಯೂ, ಡಿವಿಡಿ-ರ‍್ಯಾಮ್, ಡಿಎಲ್, ಬಿಡಿ-ಆರ್, ಬಿಡಿಎಕ್ಸ್ಎಲ್, ಎಂ-ಡಿಸ್ಕ್.

ಈ ಗೊಂದಲದಲ್ಲಿ ಅರ್ಧಕ್ಕಿಂತ ಜಾಸ್ತಿ ಹಳೆಯದು, ಎಂದೋ ಮುಗಿದ ಜಗಳದ್ದು. ಪ್ಲಸ್ ತಗೊಳ್ಳಲೋ ಮೈನಸ್ ತಗೊಳ್ಳಲೋ ಎಂಬ ಪ್ರಶ್ನೆಗೆ ಈಗ ಬೆಲೆಯಿಲ್ಲ. ಈಗ ಕೇಳಬೇಕಾದದ್ದು ಬೇರೆ: ಡಿಸ್ಕ್‌ನಲ್ಲಿ ಬರೆಯುವ ಪದರ ಯಾವುದರಿಂದ ಮಾಡಿದ್ದು, ಅದನ್ನು ಮಾಡುತ್ತಿರುವವರು ಯಾರು, ಇನ್ನೆಷ್ಟು ವರ್ಷ ಮಾಡುತ್ತಾರೆ. ರೈಟರ್ ಆಯ್ಕೆ ಇದಕ್ಕೆ ಉತ್ತರ ಸಿಕ್ಕ ಮೇಲಿನ ಮಾತು.

ಹಳೆಯ ಜಗಳ ಏನಿತ್ತು ಅಂತ ಒಮ್ಮೆ ನೋಡಿಬಿಡೋಣ. ಪೆಟ್ಟಿಗೆಗಳ ಮೇಲೆ ಅದರ ಗುರುತು ಇನ್ನೂ ಉಳಿದಿದೆ.

ಡಿವಿಡಿಯ ನಿಯಮಗಳನ್ನು ಬರೆಯುತ್ತಿದ್ದದ್ದು ಡಿವಿಡಿ ಫೋರಂ ಎಂಬ ಕಂಪನಿಗಳ ಕೂಟ. ಪಯೋನಿಯರ್ ಮುಂದೆ ನಿಂತು 1997ರಲ್ಲಿ ತಂದ ಡಿವಿಡಿ-ಆರ್ ಈ ಫೋರಂ ಒಪ್ಪಿದ ಮಾದರಿ. ಮೊದಮೊದಲು ಅದರಲ್ಲಿ ಹಿಡಿಯುತ್ತಿದ್ದದ್ದು 3.95 ಜಿಬಿ ಮಾತ್ರ. ನಮಗೆಲ್ಲ ಗೊತ್ತಿರುವ 4.7 ಜಿಬಿ ಆಮೇಲೆ ಬಂತು. ಡಿವಿಡಿ-ರ‍್ಯಾಮ್‌ಗೂ ಇದೇ ಫೋರಂ ಮುದ್ರೆ ಹಾಕಿತು. ಅತ್ತ ಫಿಲಿಪ್ಸ್, ಸೋನಿ, ಎಚ್‌ಪಿ, ರಿಕೋ, ಯಮಾಹಾ, ಮಿತ್ಸುಬಿಷಿ ಕೆಮಿಕಲ್ ಮುಂತಾದವು ಸೇರಿ ಬೇರೆ ಬಣ ಕಟ್ಟಿದವು. ಅವರ ಮಾದರಿಯೇ ಪ್ಲಸ್. ತಂತ್ರಜ್ಞಾನದಲ್ಲಿ ನಮ್ಮದೇ ಮೇಲು ಅಂತ ಎರಡೂ ಕಡೆಯವರು ಹೇಳಿಕೊಂಡರು. ಡಿಸ್ಕ್ ಒಂದಕ್ಕೆ ಬರುವ ಪೇಟೆಂಟ್ ಹಣ ಯಾರ ಜೇಬಿಗೆ ಹೋಗಬೇಕು ಎಂಬ ಲೆಕ್ಕವೂ ಒಳಗೊಳಗೇ ಇತ್ತು.

2001ರ ಜನವರಿಯಲ್ಲಿ ಆಪಲ್ ತನ್ನ ಪವರ್ ಮ್ಯಾಕ್ ಜಿ4ನಲ್ಲಿ ಪಯೋನಿಯರ್‌ನ ಡಿವಿಡಿ-ಆರ್ ಡ್ರೈವ್ ಇಟ್ಟಿತು. ಅದೇ ವರ್ಷ ಎಚ್‌ಪಿ ಮತ್ತು ಫಿಲಿಪ್ಸ್‌ನ ಪ್ಲಸ್ ಡ್ರೈವ್‌ಗಳೂ ಬಂದವು. ಆದರೆ ಆ ಮೊದಲ ತಲೆಮಾರಿನ ಡ್ರೈವ್‌ಗಳು ಬರೆಯುತ್ತಿದ್ದದ್ದು ಮತ್ತೆ ಮತ್ತೆ ಅಳಿಸಿ ಬರೆಯುವ ಡಿವಿಡಿ+ಆರ್‌ಡಬ್ಲ್ಯೂ ಮಾತ್ರ. ಕಡಿಮೆ ಬೆಲೆಯ, ಒಮ್ಮೆ ಬರೆಯುವ ಡಿವಿಡಿ+ಆರ್ ಬಂದದ್ದು 2002ರಲ್ಲಿ. ಡ್ರೈವ್ ಒಳಗಿನ ತಂತ್ರಾಂಶ, ಅಂದರೆ ಫರ್ಮ್‌ವೇರ್ ಬದಲಿಸಿದರೆ ತಮ್ಮ ಡ್ರೈವ್ ಅದನ್ನೂ ಬರೆಯುತ್ತದೆ ಅಂತ ಕಾದವರಿಗೆ, ಆಗುವುದಿಲ್ಲ ಎಂಬ ಉತ್ತರ ಸಿಕ್ಕಿತು. ದುಬಾರಿ ಹಣ ಕೊಟ್ಟು ಮೊದಲು ಕೊಂಡವರೇ ಪೆಟ್ಟು ತಿಂದರು.

ಜಗಳ ಮುಗಿದದ್ದು ಯಾರೂ ಗೆದ್ದು ಅಲ್ಲ. 2002ರ ಕೊನೆಗೆ ಸೋನಿ ಡಿಆರ್‌ಯು-500ಎ ಎಂಬ ಡ್ರೈವ್ ತಂದಿತು. ಪ್ಲಸ್ ಬಣದಲ್ಲಿದ್ದ ಕಂಪನಿಯೇ ಪ್ಲಸ್ಸನ್ನೂ ಮೈನಸ್ಸನ್ನೂ ಎರಡನ್ನೂ ಬರೆಯುವ ಡ್ರೈವ್ ಮಾಡಿತ್ತು. ಉಳಿದವರೂ ಹಿಂದೆಯೇ ಬಂದರು. ಕೆಲವೇ ವರ್ಷಗಳಲ್ಲಿ ಒಂದನ್ನೇ ಬರೆಯುವ ಡ್ರೈವ್ ಹುಡುಕಿದರೂ ಸಿಗದಂತಾಯಿತು. ಇವತ್ತು ಅಂಗಡಿಯಲ್ಲಿ ಸಿಗುವ ಯಾವ ಡಿವಿಡಿ ರೈಟರ್ ಆದರೂ ಎರಡನ್ನೂ ಬರೆಯುತ್ತದೆ. ಹಾಗಾಗಿ ಅದನ್ನೇ ಹೆಚ್ಚುಗಾರಿಕೆ ಅಂತ ಹೇಳಿ ಜಾಸ್ತಿ ದುಡ್ಡು ಕೇಳಿದರೆ ಸುಮ್ನೆ ಮುಂದಿನ ಅಂಗಡಿಗೆ ಹೋಗಿ.

ಡಿಸ್ಕ್‌ಗಳ ನಡುವೆ ವ್ಯತ್ಯಾಸವೇ ಇಲ್ಲ ಅಂತಲ್ಲ. ಖಾಲಿ ಡಿಸ್ಕ್ ನಿಜಕ್ಕೂ ಖಾಲಿ ಇರುವುದಿಲ್ಲ. ಲೇಸರ್ ದಾರಿ ತಪ್ಪದಿರಲಿ ಅಂತ ಕಾರ್ಖಾನೆಯಲ್ಲೇ ಸುರುಳಿಯಾಗಿ ಸಾಗುವ ಒಂದು ಸಣ್ಣ ಗೀರನ್ನು ಅಚ್ಚೊತ್ತಿರುತ್ತಾರೆ. ಆ ಗೀರು ನೇರವಾಗಿಲ್ಲ, ಉದ್ದಕ್ಕೂ ಸಣ್ಣಗೆ ಅಂಕುಡೊಂಕು. ಮೈನಸ್ ಡಿಸ್ಕ್‌ನಲ್ಲಿ 'ನೀನು ಈಗ ಇಲ್ಲಿದ್ದೀಯ' ಅಂತ ಲೇಸರ್‌ಗೆ ತಿಳಿಸಲು ಗೀರುಗಳ ನಡುವಿನ ಏರಿನಲ್ಲಿ ಪುಟ್ಟ ಗುಳಿಗಳಿರುತ್ತವೆ. ಪ್ಲಸ್ ಡಿಸ್ಕ್‌ನಲ್ಲಿ ಗುಳಿಗಳಿಲ್ಲ, ಅಂಕುಡೊಂಕಿನಲ್ಲೇ ವಿಳಾಸ ಅಡಗಿದೆ. ಮೈನಸ್‌ನ ಅಂಕುಡೊಂಕು ಸುಮಾರು 140 ಕಿಲೋಹರ್ಟ್ಸ್, ಪ್ಲಸ್‌ನದು ಸುಮಾರು 817. ಅಷ್ಟು ಒತ್ತೊತ್ತಾಗಿ ಗುರುತು ಸಿಗುವುದರಿಂದ, ಮಧ್ಯದಲ್ಲಿ ಬರೆಯುವುದು ನಿಂತರೂ ನಿಂತ ಜಾಗದಿಂದಲೇ ಮುಂದುವರಿಸುವುದು ಪ್ಲಸ್‌ನಲ್ಲಿ ಸಲೀಸು. ಕಾಗದದ ಮೇಲೆ ಪ್ಲಸ್ ಒಂದು ಕೈ ಮೇಲು ಎಂಬುದು ನಿಜ. ಆದರೆ ಡ್ರೈವ್‌ಗಳು ಪಳಗಿ 16 ಎಕ್ಸ್ ವೇಗಕ್ಕೆ, ಅಂದರೆ ಮೂಲ ವೇಗದ ಹದಿನಾರು ಪಟ್ಟಿಗೆ, ಬರುವ ಹೊತ್ತಿಗೆ ಬಳಸುವವರ ಕಣ್ಣಿಗೆ ಬೀಳುವ ವ್ಯತ್ಯಾಸ ಉಳಿಯಲಿಲ್ಲ.

ಉಳಿದ ಎರಡು ಸಣ್ಣ ವಿಷಯಗಳು ಮಾತ್ರ ಈಗಲೂ ಕೆಲಸಕ್ಕೆ ಬರುತ್ತವೆ. ಮೊದಲನೆಯದು ಜಾಗ. ಎರಡರ ಪೆಟ್ಟಿಗೆಯ ಮೇಲೂ 4.7 ಜಿಬಿ ಅಂತಲೇ ಇರುತ್ತದೆ. ಲೆಕ್ಕ ಹಾಕಿದರೆ ಡಿವಿಡಿ-ಆರ್‌ನಲ್ಲಿ 470.7 ಕೋಟಿ ಬೈಟ್, ಡಿವಿಡಿ+ಆರ್‌ನಲ್ಲಿ 470 ಕೋಟಿ ಬೈಟ್. ಏಳು ಎಂಬಿಯಷ್ಟು ವ್ಯತ್ಯಾಸ. ಅಷ್ಟೇನಾ ಅನ್ನಿಸಬಹುದು. ಆದರೆ ಕುತ್ತಿಗೆವರೆಗೆ ತುಂಬಿದ ಮೈನಸ್ ಡಿಸ್ಕ್‌ನ ನಕಲನ್ನು ಪ್ಲಸ್ ಡಿಸ್ಕ್‌ಗೆ ಹಾಕಲು ಹೋದರೆ 'ಜಾಗ ಸಾಲದು' ಅಂತ ಬರುವುದು ಇದಕ್ಕೇ. ಎರಡನ್ನೂ ಕಂಪ್ಯೂಟರ್ 4.38 ಜಿಬಿ ಅಂತ ತೋರಿಸುತ್ತದೆ. ಅದು ಮೋಸವಲ್ಲ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಎರಡನೆಯದು ಹಳೆಯ ಪ್ಲೇಯರ್‌ಗಳ ಹಟ. ಮನೆಯ ಟಿವಿ ಪಕ್ಕದ ಹಳೆಯ ಡಿವಿಡಿ ಪ್ಲೇಯರ್ ಡಿಸ್ಕ್ ಹಾಕಿದ ಕೂಡಲೇ ಅದರ ಜಾತಿ ಯಾವುದು ಅಂತ ಓದಿಕೊಳ್ಳುತ್ತದೆ. ಪ್ಲಸ್ ಅಂತ ಕಂಡರೆ ಕೆಲವು ಪ್ಲೇಯರ್‌ಗಳು ಮುಖ ತಿರುಗಿಸುತ್ತವೆ. ಇದಕ್ಕೊಂದು ಉಪಾಯವಿದೆ. ಡಿವಿಡಿ+ಆರ್ ಬರೆಯುವಾಗ 'ಇದು ಅಂಗಡಿಯಲ್ಲಿ ಕೊಂಡ ಮಾಮೂಲಿ ಡಿವಿಡಿ' ಅಂತ ಗುರುತು ಬದಲಿಸಬಹುದು. ಬಿಟ್‌ಸೆಟ್ಟಿಂಗ್ ಅಂತ ಕರೆಯುತ್ತಾರೆ. ಡ್ರೈವ್ ಒಪ್ಪಬೇಕು ಅಷ್ಟೆ, ಮೈನಸ್ ಡಿಸ್ಕ್‌ನಲ್ಲಿ ಇದು ಆಗುವುದಿಲ್ಲ. ಆದರೆ ಮದುವೆ ಡಿವಿಡಿ ಕೊಡುವ ಸ್ಟುಡಿಯೋದವರು ಈ ತಲೆನೋವೆಲ್ಲ ಇಟ್ಟುಕೊಳ್ಳುವ ಬದಲು ಡಿವಿಡಿ-ಆರ್ ಬಳಸುವುದೇ ಸರಿ ಅಂತ ನನ್ನ ಅಭಿಪ್ರಾಯ. ಯಾರ ಮನೆಯಲ್ಲಿ ಯಾವ ಕಾಲದ ಪ್ಲೇಯರ್ ಇದೆ ಅಂತ ಯಾರಿಗೆ ಗೊತ್ತು?

ಆರ್‌ಡಬ್ಲ್ಯೂ ಡಿಸ್ಕ್‌ಗಳ ವಿಷಯ ಬೇಗ ಮುಗಿಸಬಹುದು. ಸಾವಿರ ಸಲ ಅಳಿಸಿ ಬರೆಯಬಹುದು ಅಂತ ಹೇಳುತ್ತಾರೆ. ಆ ಕೆಲಸವನ್ನು ಪೆನ್‌ಡ್ರೈವ್ ಎಂದೋ ಕಿತ್ತುಕೊಂಡಿತು. ಡಿಎಲ್, ಅಂದರೆ ಎರಡು ಪದರದ 8.5 ಜಿಬಿ ಡಿವಿಡಿ, 2004ರಲ್ಲಿ ಬಂತು. ಒಂದು ಜಿಬಿಗೆ ಬೀಳುವ ಬೆಲೆ ಜಾಸ್ತಿ, ಪದರ ಬದಲಿಸುವ ಜಾಗದಲ್ಲಿ ಕೈಕೊಡುವ ಸಾಧ್ಯತೆಯೂ ಜಾಸ್ತಿ. ಅಷ್ಟು ಜಾಗ ಬೇಕಿದ್ದರೆ ಬ್ಲೂ-ರೇಗೆ ಹೋಗುವುದು ಮೇಲು. ಡಿವಿಡಿ-ರ‍್ಯಾಮ್ ಬಗ್ಗೆ ಮಾತ್ರ ನನಗೆ ಸ್ವಲ್ಪ ಮರುಕ ಇದೆ. ಲಕ್ಷ ಸಲ ಬರೆಯಬಹುದಾದ, ಹಾರ್ಡ್ ಡಿಸ್ಕ್‌ನಂತೆ ಎಲ್ಲಿ ಬೇಕಾದರೂ ತಿದ್ದಬಹುದಾದ ಗಟ್ಟಿ ಮಾದರಿ ಅದು. ಪ್ಯಾನಾಸೋನಿಕ್‌ನ ರೆಕಾರ್ಡರ್‌ಗಳಲ್ಲಿ ಚೆನ್ನಾಗಿಯೇ ದುಡಿಯಿತು. ಆದರೆ ಸಾಮಾನ್ಯ ಪ್ಲೇಯರ್‌ಗಳಲ್ಲಿ ಓಡಲಿಲ್ಲ, ಹಾಗಾಗಿ ಜನರ ಕೈಗೆ ಹತ್ತಲಿಲ್ಲ.

ಈಗ ಅಸಲು ವಿಷಯಕ್ಕೆ ಬರೋಣ. ಡಿವಿಡಿ ರೈಟರ್ ಸಾಕಾ, ಬ್ಲೂ-ರೇ ರೈಟರ್ ಬೇಕಾ?

ಇದಕ್ಕೆ ನಿಮ್ಮ ಹತ್ತಿರ ಇರುವ ಸರಕಿನ ಗಾತ್ರವೇ ಉತ್ತರ ಹೇಳುತ್ತದೆ. ಸೆಕೆಂಡಿಗೆ 100 ಮೆಗಾಬಿಟ್‌ನಂತೆ 4ಕೆ ವಿಡಿಯೋ ತೆಗೆಯುವ ಕ್ಯಾಮೆರಾ ಒಂದು ಗಂಟೆಗೆ 45 ಜಿಬಿ ತುಂಬಿಸುತ್ತದೆ. ಮದುವೆಯ ಆರು ಗಂಟೆಯ ಶೂಟಿಂಗ್ ಅಂದರೆ 270 ಜಿಬಿ. ಅದನ್ನು ಡಿವಿಡಿಗೆ ಹಾಕಲು ಹೋದರೆ 58 ಡಿಸ್ಕ್ ಬೇಕು. 25 ಜಿಬಿಯ ಬಿಡಿ-ಆರ್, ಅಂದರೆ ಒಮ್ಮೆ ಬರೆಯುವ ಬ್ಲೂ-ರೇ ಡಿಸ್ಕ್‌ನಲ್ಲಾದರೆ 11 ಸಾಕು. ಮನೆಯ ಫೋಟೋಗಳು, ದಾಖಲೆ ಪತ್ರಗಳ ಸ್ಕ್ಯಾನ್, ಹಳೆಯ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ಹಾಡು ಇಷ್ಟೇ ಇದ್ದರೆ ಕೆಲವು ಡಿವಿಡಿಗಳಲ್ಲೇ ಮುಗಿಯಬಹುದು. 50 ಜಿಬಿ ದಾಟಿತು ಅಂದರೆ ಡಿವಿಡಿ ಬರೆಯುತ್ತಾ ಕೂರುವ ತಾಳ್ಮೆ ಯಾರಿಗೂ ಇರುವುದಿಲ್ಲ. ತಾಳ್ಮೆ ಇಲ್ಲದವರು ಬ್ಯಾಕಪ್ ಅನ್ನು ಅರ್ಧಕ್ಕೇ ಬಿಡುತ್ತಾರೆ.

ಬ್ಲೂ-ರೇ ಅಷ್ಟು ಹಿಡಿಯಲು ಕಾರಣ ಲೇಸರ್‌ನ ಬಣ್ಣ. ಸಿಡಿಗೆ 780 ನ್ಯಾನೋಮೀಟರ್, ಡಿವಿಡಿಗೆ 650, ಬ್ಲೂ-ರೇಗೆ 405. ಅಲೆ ಚಿಕ್ಕದಾದಷ್ಟೂ ಲೇಸರ್ ಚುಕ್ಕಿ ಚಿಕ್ಕದಾಗುತ್ತದೆ, ಗೀರುಗಳನ್ನು ಒತ್ತೊತ್ತಾಗಿ ಇಡಬಹುದು. ಒಂದು ಪದರದಲ್ಲಿ 25, ಎರಡರಲ್ಲಿ 50 ಜಿಬಿ. ಮೂರು ಪದರದ ಬಿಡಿಎಕ್ಸ್ಎಲ್ ಡಿಸ್ಕ್‌ನಲ್ಲಿ 100 ಜಿಬಿ. ಅದಕ್ಕೆ ಬಿಡಿಎಕ್ಸ್ಎಲ್ ಗುರುತಿರುವ ಡ್ರೈವ್ ಬೇಕು, ಹಳೆಯ ಬ್ಲೂ-ರೇ ರೈಟರ್‌ನಲ್ಲಿ ಓಡುವುದಿಲ್ಲ.

ಆದರೆ ಬ್ಲೂ-ರೇ ಕಡೆಗೆ ನಾನು ವಾಲುವುದು ಜಾಗಕ್ಕಿಂತ ಹೆಚ್ಚಾಗಿ ಬರೆಯುವ ಪದರಕ್ಕೆ. ಒಮ್ಮೆ ಬರೆಯುವ ಸಾಮಾನ್ಯ ಸಿಡಿ, ಡಿವಿಡಿಗಳಲ್ಲಿ ಆ ಪದರ ಸಾವಯವ ಬಣ್ಣದ್ದು. ಲೇಸರ್ ಅದನ್ನು ಸುಟ್ಟು ಗುರುತು ಮಾಡುತ್ತದೆ. ಬಣ್ಣ ಅಂದ ಮೇಲೆ ಬಿಸಿಲು, ಸೆಖೆ, ತೇವಕ್ಕೆ ಕಾಲಕ್ರಮದಲ್ಲಿ ಮಾಸುತ್ತದೆ. ಸಾಮಾನ್ಯ ಬಿಡಿ-ಆರ್‌ನಲ್ಲಿರುವುದು ಬಣ್ಣ ಅಲ್ಲ, ಲೋಹ ಮತ್ತು ಸಿಲಿಕಾನ್‌ನಂಥ ನಿರವಯವ ವಸ್ತು. ಬೆಳಕಿಗೆ ಅದು ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಇದನ್ನು ಎಚ್‌ಟಿಎಲ್ ಅನ್ನುತ್ತಾರೆ.

ಇಲ್ಲೇ ಒಂದು ಗುಂಡಿ ಇದೆ. 2008ರಿಂದ ಎಲ್‌ಟಿಎಚ್ ಎಂಬ ಅಗ್ಗದ ಬಿಡಿ-ಆರ್‌ಗಳೂ ಬಂದವು. ಡಿವಿಡಿ ಮಾಡುವ ಯಂತ್ರಗಳನ್ನೇ ಸ್ವಲ್ಪ ಬದಲಿಸಿ ಮಾಡಬಹುದು ಅಂತ ಇವುಗಳಲ್ಲಿ ಮತ್ತೆ ಸಾವಯವ ಬಣ್ಣವನ್ನೇ ಹಾಕಿದರು. ಹೊರಗಿನಿಂದ ನೋಡಿದರೆ ಇದೂ ಬಿಡಿ-ಆರ್, ಅದೂ ಬಿಡಿ-ಆರ್. ಪೆಟ್ಟಿಗೆಯ ಮೂಲೆಯಲ್ಲಿ 'ಎಲ್‌ಟಿಎಚ್ ಟೈಪ್' ಅಂತ ಪುಟ್ಟದಾಗಿ ಬರೆದಿರುತ್ತದೆ. ಅದು ಕಂಡರೆ ವಾಪಸ್ ಇಡಿ. ಹತ್ತಿಪ್ಪತ್ತು ವರ್ಷ ಇಡಬೇಕು ಅಂತಲೇ ಬ್ಲೂ-ರೇಗೆ ದುಡ್ಡು ಹಾಕುವಾಗ ಡಿವಿಡಿಯ ದೌರ್ಬಲ್ಯವನ್ನೇ ಕೊಂಡು ತರುವುದರಲ್ಲಿ ಅರ್ಥವಿಲ್ಲ ಅಲ್ವಾ?

ಎಂ-ಡಿಸ್ಕ್ ಬಗ್ಗೆ ಕೇಳುವವರು ಬಹಳ. ಅಮೆರಿಕದ ಯೂಟಾ ರಾಜ್ಯದ ಮಿಲೇನಿಯಾಟಾ ಕಂಪನಿ ತಂದದ್ದು ಇದು. ಸಾವಿರ ವರ್ಷ ಬಾಳುತ್ತದೆ ಅಂತ ಪ್ರಚಾರ. ಡಿವಿಡಿ ಗಾತ್ರದ ಎಂ-ಡಿಸ್ಕ್‌ನಲ್ಲಿ ಬಣ್ಣದ ಬದಲು ಕಲ್ಲಿನಂಥ ಪದರ ಇರುವುದರಿಂದ ಲೇಸರ್ ಹೆಚ್ಚು ಶಕ್ತಿಯಿಂದ ಕೊರೆಯಬೇಕು. ಹಾಗಾಗಿ ಎಂ-ಡಿಸ್ಕ್ ಗುರುತಿರುವ ರೈಟರ್ ಬೇಕೇ ಬೇಕು. ಬ್ಲೂ-ರೇ ಎಂ-ಡಿಸ್ಕ್‌ಗೆ ಆ ಕಟ್ಟುಪಾಡಿಲ್ಲ. ಡಿವಿಡಿ ಬಿಟ್ಟು ಮುಂದೆ ಹೋಗುವುದಿಲ್ಲ ಎನ್ನುವವರಿಗೆ ಎಂ-ಡಿಸ್ಕ್ ಒಳ್ಳೆಯ ಆಯ್ಕೆ. ಬ್ಲೂ-ರೇಯಲ್ಲಿ ಮಾತ್ರ ಒಳ್ಳೆಯ ಕಂಪನಿಯ ಎಚ್‌ಟಿಎಲ್ ಡಿಸ್ಕ್‌ಗಿಂತ ಅಷ್ಟು ಜಾಸ್ತಿ ಹಣ ಕೊಡುವಂಥದ್ದು ಅದರಲ್ಲೇನೂ ನನಗೆ ಕಾಣುವುದಿಲ್ಲ. ಸಾವಿರ ವರ್ಷದ ಮಾತು ಇರಲಿ, ಡ್ರೈವ್‌ನ ಟ್ರೇ ಎಳೆಯುವ ರಬ್ಬರ್ ಬೆಲ್ಟ್ ಹದಿನೈದು ವರ್ಷ ಬಾಳಿದರೆ ಪುಣ್ಯ.

ಈ ಕಾರಣಕ್ಕೇ ಯಾರು ಮಾಡುತ್ತಿದ್ದಾರೆ ಎಂಬ ಪ್ರಶ್ನೆ ದೊಡ್ಡದು. ಸಿಡಿ-ಆರ್ ಹುಟ್ಟಲು ಕಾರಣವಾದ, ಡಿಸ್ಕ್ ಪ್ರಿಯರು ಕಣ್ಣು ಮುಚ್ಚಿ ಕೊಳ್ಳುತ್ತಿದ್ದ ಜಪಾನಿನ ತಾಯಿಯೋ ಯೂಡೆನ್ 2015ರ ಕೊನೆಗೆ ತನ್ನ ಡಿಸ್ಕ್ ವ್ಯವಹಾರಕ್ಕೆ ಬಾಗಿಲು ಹಾಕಿತು. ನಮ್ಮಲ್ಲಿ ಮೋಸರ್ ಬೇರ್ ಇತ್ತು. ಗ್ರೇಟರ್ ನೋಯ್ಡಾದಲ್ಲಿ ಡಿಸ್ಕ್ ಮಾಡಿ ಲೋಕಕ್ಕೆಲ್ಲ ಕಳಿಸುತ್ತಿದ್ದ ಕಂಪನಿ ಅದು, ಅಗ್ಗದ ಸಿನಿಮಾ ಡಿಸ್ಕ್‌ಗಳಿಂದ ಮನೆಮನೆಗೂ ಗೊತ್ತಿತ್ತು. 2018ರಲ್ಲಿ ಅದರ ಆಸ್ತಿ ಮಾರಿ ಮುಚ್ಚಲು ಕಂಪನಿ ನ್ಯಾಯಮಂಡಳಿ ಆದೇಶಿಸಿತು. ವರ್ಬೇಟಿಮ್ ಹೆಸರು 2019ರಲ್ಲಿ ತೈವಾನಿನ ಸಿಎಂಸಿ ಮ್ಯಾಗ್ನೆಟಿಕ್ಸ್ ಕೈ ಸೇರಿತು. ಪ್ಯಾನಾಸೋನಿಕ್ 2023ರಲ್ಲಿ, ಸೋನಿ 2025ರ ಫೆಬ್ರವರಿಯಲ್ಲಿ ಬರೆಯುವ ಬ್ಲೂ-ರೇ ಡಿಸ್ಕ್ ತಯಾರಿಕೆ ನಿಲ್ಲಿಸಿದವು. ಈ ಆಟ ಶುರು ಮಾಡಿದ್ದ ಪಯೋನಿಯರ್ ಕೂಡ 2025ರಲ್ಲಿ ತನ್ನ ಡ್ರೈವ್ ವ್ಯವಹಾರವನ್ನು ಚೀನಾದ ಕಂಪನಿಗೆ ಮಾರಿತು. ಇನ್ನೊಂದೆಡೆ ಅದೇ ವರ್ಷ ಜಪಾನಿನ ಐಒ ಡೇಟಾ ಮತ್ತು ವರ್ಬೇಟಿಮ್ ಸೇರಿ, ಬ್ಲೂ-ರೇ ಡಿಸ್ಕ್ ಪೂರೈಕೆ ನಿಲ್ಲಿಸುವುದಿಲ್ಲ ಅಂತ ಹೇಳಿದವು. ಅಂದರೆ ನಾಳೆಯೇ ಡಿಸ್ಕ್ ಸಿಗದೆ ಹೋಗುವುದಿಲ್ಲ. ಆದರೆ ಆರಿಸಿಕೊಳ್ಳಲು ಉಳಿದಿರುವ ಹೆಸರುಗಳು ಬೆರಳೆಣಿಕೆಯಷ್ಟು.

ಪೆಟ್ಟಿಗೆಯ ಮೇಲಿನ ಬ್ರ್ಯಾಂಡ್ ನೋಡಿ ಡಿಸ್ಕ್ ಮಾಡಿದವರು ಯಾರು ಅಂತ ಹೇಳಲಾಗುವುದಿಲ್ಲ. ಒಂದೇ ಹೆಸರಿನ 50ರ ಡಬ್ಬಿ ಈ ತಿಂಗಳು ಒಂದು ಕಾರ್ಖಾನೆಯದು, ಮುಂದಿನ ತಿಂಗಳು ಇನ್ನೊಂದರದು. ಪ್ರತಿ ಡಿಸ್ಕ್‌ನಲ್ಲೂ ತಯಾರಕರ ಸಂಕೇತ ಅಡಗಿರುತ್ತದೆ. ಇಮ್‌ಗ್‌ಬರ್ನ್‌ನಂಥ ಉಚಿತ ತಂತ್ರಾಂಶದಲ್ಲಿ ಖಾಲಿ ಡಿಸ್ಕ್ ಹಾಕಿದರೆ ಬಲಗಡೆ ಅದು ಕಾಣುತ್ತದೆ. ಡ್ರೈವ್ ಕೂಡ ಇದೇ ಸಂಕೇತ ನೋಡಿ ಲೇಸರ್ ಎಷ್ಟು ಜೋರಾಗಿರಬೇಕು ಅಂತ ತೀರ್ಮಾನಿಸುತ್ತದೆ. ಸಂಕೇತ ಗೊತ್ತಿಲ್ಲದಿದ್ದರೆ ಅಂದಾಜಿನ ಮೇಲೆ ಬರೆಯುತ್ತದೆ. ಒಂದು ಡ್ರೈವ್‌ನಲ್ಲಿ ಚೆಂದ ಬರೆಯುವ ಡಿಸ್ಕ್ ಇನ್ನೊಂದರಲ್ಲಿ ಹಾಳಾಗುವುದು ಹೀಗೆ. ತೀರಾ ನಿಧಾನ ಬರೆದರೆ ಒಳ್ಳೆಯದು ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. 16 ಎಕ್ಸ್ ಡಿವಿಡಿಯನ್ನು 8 ಎಕ್ಸ್‌ನಲ್ಲಿ ಬರೆಯಿರಿ, ಸಾಕು. 25 ಜಿಬಿ ಬ್ಲೂ-ರೇ 4 ಎಕ್ಸ್‌ನಲ್ಲಿ ಇಪ್ಪತ್ತಮೂರು ನಿಮಿಷದ ಹತ್ತಿರ ಹಿಡಿಯುತ್ತದೆ.

ಇಡುವ ರೀತಿಯಲ್ಲೂ ಒಂದೊಂದು ಡಿಸ್ಕ್‌ನ ಗುಣ ಒಂದೊಂದು. ಸಿಡಿಯಲ್ಲಿ ಮಾಹಿತಿ ಇರುವುದು ಹೆಸರು ಬರೆಯುವ ಮೇಲ್ಭಾಗದ ವಾರ್ನಿಶ್‌ನ ಅಡಿಯಲ್ಲೇ. ಅಲ್ಲಿ ಬಾಲ್‌ಪೆನ್‌ನಿಂದ ಒತ್ತಿ ಬರೆದರೆ ಕಥೆ ಮುಗಿಯಿತು. ಡಿವಿಡಿಯಲ್ಲಿ ಅದು ಎರಡು 0.6 ಮಿಲಿಮೀಟರ್ ಬಿಲ್ಲೆಗಳ ನಡುವೆ ಸುರಕ್ಷಿತ, ಆದರೆ ಅಂಚಿನ ಅಂಟು ಬಿಟ್ಟರೆ ತೇವ ಒಳಗೆ ಇಳಿಯುತ್ತದೆ. ಬ್ಲೂ-ರೇಯಲ್ಲಿ ಕೆಳಭಾಗದಿಂದ ಬರೀ 0.1 ಮಿಲಿಮೀಟರ್ ದೂರ. ಅದಕ್ಕೇ ಗಟ್ಟಿ ಲೇಪ ಕೊಟ್ಟಿರುತ್ತಾರೆ. ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ ಚಪ್ಪಲಿ, ಪುಸ್ತಕಕ್ಕೆಲ್ಲ ಬೂಸ್ಟು ಹಿಡಿಯುವುದು ಗೊತ್ತೇ ಇದೆ. 2001ರಲ್ಲಿ ಮಧ್ಯ ಅಮೆರಿಕದ ಬೆಲೀಜ್‌ನ ಸೆಖೆಯಲ್ಲಿ ಸಿಡಿಯನ್ನೇ ತಿಂದ ಬೂಸ್ಟು ಸಿಕ್ಕಿದ ಸುದ್ದಿ ಬಂದಿತ್ತು. ಡಿಸ್ಕ್‌ಗಳನ್ನು ಪೌಚ್‌ನಲ್ಲಿ ಒತ್ತಿ ತುರುಕದೆ, ಪೆಟ್ಟಿಗೆಯಲ್ಲಿ ನಿಲ್ಲಿಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಸ್ಟಿಕ್ಕರ್ ಅಂಟಿಸಬೇಡಿ.

ಹಾಗಾದರೆ ಯಾರು ಯಾವುದನ್ನು ಕೊಳ್ಳಬೇಕು? ಕೋರ್ಟಿಗೆ ಡಿಸ್ಕ್ ಕೊಡುವ ವಕೀಲರಿಗೆ ಯುಎಸ್‌ಬಿಯ ಸಣ್ಣ ಡಿವಿಡಿ ರೈಟರ್ ಸಾಕು. ಡಿವಿಡಿ-ಆರ್ ತಗೊಳ್ಳಿ, ಆರ್‌ಡಬ್ಲ್ಯೂ ಬೇಡ, ಬರೆದ ಮೇಲೆ ಇನ್ನೇನೂ ಸೇರಿಸಲಾಗದಂತೆ ಡಿಸ್ಕ್ ಕ್ಲೋಸ್ ಮಾಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರದ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಮೌಲ್ಯ, ಅಂದರೆ ಕಡತ ಒಂಚೂರು ಬದಲಾದರೂ ತಾನೂ ಬದಲಾಗುವ ಗುರುತಿನ ಸಂಖ್ಯೆ, ಬರೆಯಬೇಕಾಗುತ್ತದೆ. ಮತ್ತೆ ತಿದ್ದಬಹುದಾದ ಡಿಸ್ಕ್ ಕೊಟ್ಟು ಎದುರು ವಕೀಲರಿಗೆ ಸುಮ್ನೆ ಮಾತಿಗೆ ಅವಕಾಶ ಯಾಕೆ ಕೊಡಬೇಕು? ಇಲ್ಲಿ ವಿಂಡೋಸ್ ಕೂಡ ಒಂದು ತೊಡಕು ಮಾಡುತ್ತದೆ. ಖಾಲಿ ಡಿಸ್ಕ್ ಹಾಕಿದರೆ 'ಪೆನ್‌ಡ್ರೈವ್‌ನಂತೆ ಬಳಸುವುದಾ' ಅಂತ ಕೇಳುತ್ತದೆ. ಎರಡನೆಯ ಆಯ್ಕೆ, ಅಂದರೆ ಪ್ಲೇಯರ್‌ಗೆಂದು ಬರೆಯುವುದನ್ನೇ ಆರಿಸಿ. ಇಲ್ಲದಿದ್ದರೆ ಆ ಡಿಸ್ಕ್ ಬೇರೆ ಕಡೆ ತೆರೆಯದೆ ಹೋಗಬಹುದು.

ಬ್ಯಾಕಪ್‌ಗೆಂದು ಕೊಳ್ಳುವವರು ಬ್ಲೂ-ರೇ ರೈಟರನ್ನೇ ತಗೊಳ್ಳಿ. ಡೆಸ್ಕ್‌ಟಾಪ್ ಇದ್ದರೆ ಒಳಗೆ ಕೂರಿಸುವ ದೊಡ್ಡ ಗಾತ್ರದ್ದು ಒಳ್ಳೆಯದು. ಹೊರಗಿನ ತೆಳು ಡ್ರೈವ್ ಆದರೆ ಕರೆಂಟ್ ನೋಡಿಕೊಳ್ಳಿ. ಯುಎಸ್‌ಬಿ 2 ಕೊಡುವುದು 500 ಮಿಲಿಆಂಪ್, ಯುಎಸ್‌ಬಿ 3 ಕೊಡುವುದು 900. ಬ್ಲೂ-ರೇ ಬರೆಯುವಾಗ ಅದೂ ಸಾಲದೆ ಹೋಗಬಹುದು. ಎರಡು ಬಾಲದ ಕೇಬಲ್ ಅಥವಾ ಪ್ರತ್ಯೇಕ ಅಡಾಪ್ಟರ್ ಪೆಟ್ಟಿಗೆಯಲ್ಲಿದೆಯೇ ಅಂತ ಕೊಳ್ಳುವ ಮೊದಲೇ ಕೇಳಿ. ಸಿನಿಮಾ ನೋಡುವ ಆಸೆಯಿಂದ ಕೊಳ್ಳುವುದಾದರೆ, ವಿಂಡೋಸ್‌ನಲ್ಲಿ ಬ್ಲೂ-ರೇ ಸಿನಿಮಾ ತಾನಾಗಿ ಓಡುವುದಿಲ್ಲ, ಬೇರೆ ತಂತ್ರಾಂಶಕ್ಕೂ ದುಡ್ಡು ಕೊಡಬೇಕು ಎಂಬುದು ನೆನಪಿರಲಿ.

ಒಂದೇ ಸಲ ನೂರಾರು ಡಿಸ್ಕ್ ತಂದು ಹಾಕಬೇಡಿ. ಮೊದಲು ಒಂದು ಸಣ್ಣ ಪ್ಯಾಕ್ ತನ್ನಿ, ಎರಡು ಡಿಸ್ಕ್ ಬರೆಯಿರಿ. ಬರೆದ ಡ್ರೈವ್‌ನಲ್ಲೇ ಅಲ್ಲ, ಸ್ನೇಹಿತರದೋ ಆಫೀಸಿನದೋ ಬೇರೆ ಡ್ರೈವ್‌ನಲ್ಲಿ ಎಲ್ಲ ಕಡತಗಳನ್ನೂ ಪೂರ್ತಿ ಕಾಪಿ ಮಾಡಿ ನೋಡಿ. ಹೊರ ಅಂಚಿನ ಹತ್ತಿರ ತಡವರಿಸಿದರೆ ಆ ಡ್ರೈವ್‌ಗೂ ಆ ಡಿಸ್ಕ್‌ಗೂ ಹೊಂದುವುದಿಲ್ಲ ಅಂತ ಅರ್ಥ. ಅಂಗಡಿಯವರು ವಾಪಸ್ ತಗೊಳ್ಳುವ ಗಡುವು ಮುಗಿಯುವ ಮೊದಲೇ ಈ ಪರೀಕ್ಷೆ ಮುಗಿಸಿಕೊಳ್ಳಿ.